‘ಮನಿ’ಯ ಚಿಲ್ಲರೆ ಸದ್ದು: ಏಳು ತುಂಡಿನ ಟೇಪ್ ಲೂಪ್ ಕಟ್ಟುವ ಬಗೆ

ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಎಲ್‌ಪಿಯನ್ನು ಮಗುಚಿ ಹಾಕಿದರೆ ಮೊದಲು ಕೇಳುವುದು ಗಿಟಾರೂ ಅಲ್ಲ, ಡ್ರಮ್ಮೂ ಅಲ್ಲ; ನಾಣ್ಯ ಉದುರುವ ಸದ್ದು, ಗಲ್ಲಾ ಯಂತ್ರದ ಗಂಟೆ, ಕಾಗದ ಹರಿಯುವ ಸದ್ದು. ‘ಮನಿ’ ಹಾಡಿನ ತಾಳವನ್ನು ಕಟ್ಟಿಕೊಡುವುದೇ ಈ ಸದ್ದುಗಳು. ತಂಡದ ರೋಜರ್ ವಾಟರ್ಸ್ ತಮ್ಮ ಪತ್ನಿ ಮಡಕೆ ಮಾಡಲು ಜೇಡಿಮಣ್ಣು ಕಲಸುತ್ತಿದ್ದ ಬೋಗುಣಿಗೆ ನಾಣ್ಯ ಎಸೆದು ಮೊದಲ ಸದ್ದುಗಳನ್ನು ಹಿಡಿದರು. ಆಮೇಲೆ ಏಳು ಸದ್ದುಗಳ ಟೇಪನ್ನು ಅಳತೆಕೋಲಿಟ್ಟು ಒಂದೇ ಉದ್ದಕ್ಕೆ ಕತ್ತರಿಸಿ, ಸಾಲಾಗಿ ಅಂಟಿಸಿ, ಬಳೆಯಂತೆ ಕೂಡಿಸಲಾಯಿತು. ಕೊನೆಯಿಲ್ಲದೆ ಸುತ್ತುವ ಈ ಬಳೆಯೇ ಟೇಪ್ ಲೂಪ್. ಕಾಲು ಇಂಚಿನ ಟೇಪು, ರೀಲ್ ಡೆಕ್ಕು (ರೀಲ್ ಟೇಪ್ ಯಂತ್ರ) ಇರುವ ಯಾರಾದರೂ ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಕೆಟ್ಟರೆ ಅದು ಹೆಚ್ಚಾಗಿ ಕೆಡುವುದು ಅಳತೆಯಲ್ಲಿ, ಕಿವಿಯಲ್ಲಲ್ಲ.

ಮೊದಲು ಲೆಕ್ಕ

ಟೇಪಿನಲ್ಲಿ ಕಾಲವೆಂದರೆ ಉದ್ದ. ಸ್ಟುಡಿಯೋ ಡೆಕ್ಕಿನ ಸೆಕೆಂಡಿಗೆ 15 ಇಂಚಿನ ವೇಗ ಅಂದರೆ 38.1 ಸೆಂ.ಮೀ. ಅದನ್ನು 60ರಿಂದ ಗುಣಿಸಿ, ನಿಮಿಷಕ್ಕೆ ಎಷ್ಟು ಬೀಟ್ ಬೇಕೋ ಅದರಿಂದ ಭಾಗಿಸಿದರೆ ಒಂದು ಬೀಟಿನ ಉದ್ದ ಸಿಗುತ್ತದೆ. ನಿಮಿಷಕ್ಕೆ 120 ಬೀಟ್ ಆದರೆ 19.05 ಸೆಂ.ಮೀ.; ಏಳು ಸೇರಿ 133.35 ಸೆಂ.ಮೀ., ಸುತ್ತಿಗೆ ಮೂರೂವರೆ ಸೆಕೆಂಡು. 124 ಬೀಟ್ ಬೇಕಾದರೆ ತುಂಡು 18.44 ಸೆಂ.ಮೀ. ಮನೆಯ ಡೆಕ್ಕು 7.5 ಇಂಚಿನ ವೇಗದ್ದಾದರೆ ಎಲ್ಲವೂ ಅರ್ಧ. ಆಗ ಕತ್ತರಿಯ ತಪ್ಪು ಕಿವಿಗೆ ಇಮ್ಮಡಿಯಾಗಿ ಬಡಿಯುತ್ತದೆ: ಒಂದು ಮಿ.ಮೀ. ಹೆಚ್ಚುಕಡಿಮೆ 15 ಇಂಚಿನ ವೇಗದಲ್ಲಿ 2.6 ಮಿಲಿಸೆಕೆಂಡು, 7.5ರಲ್ಲಿ ಐದಕ್ಕಿಂತ ಹೆಚ್ಚು. ಎರಡೂ ವೇಗವಿದ್ದರೆ ಮೇಲಿನದನ್ನೇ ಆರಿಸಿ.

ಕರ್ನಾಟಕ ಸಂಗೀತದ ಮಿಶ್ರ ಛಾಪು ತಾಳ ಗೊತ್ತಿರುವವರಿಗೆ ಏಳರ ಎಣಿಕೆ ಹೊಸದಲ್ಲ. ಆದರೆ ಅಲ್ಲಿಯ ಹಾಗೆ ಮೂರು, ನಾಲ್ಕು ಎಂದು ಒಡೆಯಲು ಹೋಗಬೇಡಿ. ಇಲ್ಲಿ ಏಳೂ ತುಂಡು ಸಮ ತೂಕದವು. ಅವು ಗುಂಪಾಗುವುದು ಬಾಸ್ ಗಿಟಾರ್ ಬಂದ ಮೇಲೆ.

ಸದ್ದು ಹಿಡಿಯುವುದು

ಬೇಕಾದದ್ದು ಏಳು ಸದ್ದು. ಹಿಡಿಯುವುದು ಇಪ್ಪತ್ತಾದರೂ ಇರಲಿ. ಮೈಕು ಬೋಗುಣಿಯಿಂದ ಸುಮಾರು 30 ಸೆಂ.ಮೀ. ದೂರ, ಬೋಗುಣಿಯ ಅಡಿಗೆ ಮಡಿಸಿದ ಬಟ್ಟೆ. ಇಲ್ಲದಿದ್ದರೆ ಮೇಜೇ ಗುಂಯ್ಗುಡುತ್ತದೆ. ನಾಣ್ಯದ ಸದ್ದು ಮುಳ್ಳಿನ ಮೀಟರನ್ನು ಮೋಸಗೊಳಿಸುತ್ತದೆ. ವಿಯು ಮೀಟರಿನ ಮುಳ್ಳು ಮೇಲೇರಲು ಸುಮಾರು 300 ಮಿಲಿಸೆಕೆಂಡು ಬೇಕು, ನಾಣ್ಯದ ಸದ್ದಿನ ಮೊನೆ, ಅಂದರೆ ಅದರ ಚೂಪಾದ ಆರಂಭ, ಅಷ್ಟರಲ್ಲಿ ಬಂದು ಹೋಗಿರುತ್ತದೆ. ಮುಳ್ಳು ಮೈನಸ್ 10ರ ಆಸುಪಾಸು ತೋರಿದರೆ ಸಾಕು. ಸೊನ್ನೆಗೆ ಏರಿಸಿದರೆ ಟೇಪು ತುಂಬಿ, ಕಿಣಿಕಿಣಿ ಹೋಗಿ ಬರೀ ಕರಕರ ಉಳಿಯುತ್ತದೆ.

ಸದ್ದಿನ ನಡುವೆ ಎರಡು ಸೆಕೆಂಡು ಬಿಡಿ. ಕೊನೆಯಲ್ಲಿ ಒಂದು ನಿಮಿಷ ಏನೂ ಮಾಡದೆ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಡಿ, ಮುಂದೆ ಬೇಕಾಗುತ್ತದೆ.

ಗುರುತು, ಕತ್ತರಿ

ಕಾಲು ಇಂಚಿನ ತೋಡಿರುವ ಸ್ಪ್ಲೈಸಿಂಗ್ ಬ್ಲಾಕ್ (ಟೇಪನ್ನು ಕೂರಿಸಿ ಕತ್ತರಿಸುವ, ಜೋಡಿಸುವ ಅಚ್ಚು), ಒಂದೇ ಅಂಚಿನ ಹೊಸ ಬ್ಲೇಡು, ಟೇಪಿಗಿಂತ ತುಸು ಕಿರಿದಾದ ಸ್ಪ್ಲೈಸಿಂಗ್ ಟೇಪು, ಬಿಳಿ ಮೇಣದ ಪೆನ್ಸಿಲು, ಪ್ಲಾಸ್ಟಿಕ್ ಸ್ಕೇಲು ಇಟ್ಟುಕೊಳ್ಳಿ. ಬ್ಲೇಡು ಅಯಸ್ಕಾಂತವಾಗಿದ್ದರೆ ಪ್ರತಿ ಜೋಡಣೆಯಲ್ಲೂ ‘ಟಪ್’ ಎನ್ನುವ ಸದ್ದು ಕೂರುತ್ತದೆ, ಅದನ್ನು ಅಳಿಸಲಾಗದು. ಟೇಪಿನ ಸದ್ದನ್ನು ಓದುವ ಹೆಡ್ಡಿಗೆ ಬಳಸುವ, ಅಯಸ್ಕಾಂತತೆ ಕಳೆಯುವ ಡಿಮ್ಯಾಗ್ನೆಟೈಸರನ್ನು ಬ್ಲೇಡಿಗೂ ಒಮ್ಮೆ ಆಡಿಸಿ. ಸ್ಟೀಲ್ ಸ್ಕೇಲು ಬೇಡವೆಂದದ್ದೂ ಇದಕ್ಕೇ.

ಎರಡೂ ರೀಲನ್ನು ಕೈಯಲ್ಲಿ ಹಿಂದೆ ಮುಂದೆ ಉರುಳಿಸುತ್ತ ಸದ್ದಿನ ಮೊನೆ ಹುಡುಕಿ. ನಿಧಾನಕ್ಕೆ ಎಳೆದಾಗ ಅದು ಗೊರಗೊರ ಎನ್ನುತ್ತದೆ. ಗೊರಗೊರ ಶುರುವಾಗುವ ಜಾಗ ಪ್ಲೇ ಹೆಡ್ಡಿನ ನಟ್ಟನಡುವೆ ಬಂದಾಗ ಟೇಪಿನ ಬೆನ್ನಿಗೆ ಗುರುತು ಹಾಕಿ. ಗುರುತಿನ ಮೇಲೇ ಕತ್ತರಿಸಬೇಡಿ. ಅದಕ್ಕಿಂತ 5 ಮಿ.ಮೀ. ಮುಂಚೆ ಕತ್ತರಿಸಿ, ಅಲ್ಲಿಂದ 19.05 ಅಳೆಯಿರಿ. ಈ 5 ಮಿ.ಮೀ. ಏಳೂ ತುಂಡಿನಲ್ಲಿ ಒಂದೇ ಇರಬೇಕು. ತುಂಡುಗಳ ಉದ್ದ ಸರಿಯಾಗಿದ್ದೂ ಲೂಪು ಕುಂಟುತ್ತಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಕೇಳುವವನಿಗೆ ತಾಳ ಸಿಗುವುದು ತುಂಡಿನ ಅಂಚಿನಿಂದಲ್ಲ, ಮೊನೆಯಿಂದ.

ಕಾಗದ ಹರಿಯುವ ಸದ್ದಿಗೆ ಮೊನೆಯೇ ಇಲ್ಲ, ಅದು ಮೆಲ್ಲಗೆ ಏರುತ್ತದೆ. ಅದರ ಆರಂಭವನ್ನು ಬಿಸಾಡಿ. ಸದ್ದು ಜೋರಾಗಿರುವ ಮಧ್ಯದಲ್ಲಿ 90 ಡಿಗ್ರಿಗೆ ಕತ್ತರಿಸಿದರೆ ಬ್ಲೇಡೇ ಅದಕ್ಕೊಂದು ಮೊನೆ ಕೊಡುತ್ತದೆ. ಇಲ್ಲಿ ಮಾತ್ರ ಮುಂಚಿನ 5 ಮಿ.ಮೀ. ಜಾಗಕ್ಕೆ ಕೋಣೆಯ ಮೌನದ ಟೇಪು ಸೇರಿಸಬೇಕು. ಉಳಿದ ಕಡೆ 45 ಡಿಗ್ರಿಯ ತೋಡು ಬಳಸಿ. ಓರೆ ಕತ್ತರಿಯಲ್ಲಿ ಒಂದು ಸದ್ದಿನಿಂದ ಇನ್ನೊಂದಕ್ಕೆ ದಾಟುವುದು ಮೆದುವಾಗಿರುತ್ತದೆ. ಓರೆಯ ಉದ್ದ 6.35 ಮಿ.ಮೀ., ಅಂದರೆ ಸುಮಾರು 17 ಮಿಲಿಸೆಕೆಂಡು. ಸ್ಟೀರಿಯೋ ಟೇಪಿನಲ್ಲಿ ಒಂದು ಬದಿಯ ಸದ್ದು ಇನ್ನೊಂದಕ್ಕಿಂತ ಚೂರು ಮುಂಚೆ ಬದಲಾಗುವುದು ಇದರಿಂದಲೇ.

ಸದ್ದು ತುಂಡಿಗಿಂತ ಚಿಕ್ಕದಾಗಿ, ಬಾಲದಲ್ಲಿ ಬೇಡದ ಸದ್ದೇನಾದರೂ ಇದ್ದರೆ ಅಲ್ಲಿಗೂ ಅದೇ ಮೌನದ ಟೇಪು. ಸದ್ದು ಹಿಡಿಯದ ಬಣ್ಣದ ಲೀಡರ್ ಟೇಪು ಹಾಕಬೇಡಿ. ಅದರಲ್ಲಿ ಟೇಪಿನ ಸುಯ್‌ ಸದ್ದು ಇರುವುದಿಲ್ಲ, ಹಾಗಾಗಿ ಅಲ್ಲೊಂದು ತೂತು ಬಿದ್ದಂತೆ ಕೇಳುತ್ತದೆ.

ಕೂಡಿಸುವುದು

ಅಂಟು ಬೆನ್ನಿಗೆ ಮಾತ್ರ, ಹೆಡ್ಡಿಗೆ ತಾಗುವ ಮುಖಕ್ಕಲ್ಲ. ಮಂಕಾಗಿರುವುದೇ ಸದ್ದು ಕೂರುವ ಆಕ್ಸೈಡ್ ಮುಖ ಎಂಬ ಹಳೆಯ ಗುರುತನ್ನು ನಂಬಬೇಡಿ. ಬೆನ್ನಿಗೂ ಲೇಪವಿರುವ ಟೇಪುಗಳಲ್ಲಿ ಮಂಕಾಗಿರುವುದು ಬೆನ್ನೇ. ಎರಡು ತುದಿಗಳೂ ತಾಗಬೇಕು, ಒಂದರ ಮೇಲೊಂದು ಏರಬಾರದು. ಉಗುರಿನಿಂದ ತಿಕ್ಕಿ ಗುಳ್ಳೆ ಕಳೆಯಿರಿ. ಕಚೇರಿಯ ಅಂಟುಟೇಪು ಬಳಸಿದರೆ ಗೋಂದು ಹೊರಬಂದು ಹೆಡ್ಡಿಗೆ ಮೆತ್ತುತ್ತದೆ.

ಕೊನೆಯ ಏಳನೇ ಜೋಡಣೆಗೆ ಮುಂಚೆ ಇಡೀ ಪಟ್ಟಿಯ ಮೇಲೆ ಬೆರಳಾಡಿಸಿ ತಿರುಚಿಲ್ಲವೆಂದು ನೋಡಿಕೊಳ್ಳಿ. ಅರ್ಧ ತಿರುವು ಉಳಿದರೆ ಒಂದು ಸುತ್ತು ಸದ್ದು ಸ್ಪಷ್ಟ, ಮುಂದಿನ ಸುತ್ತು ಮಂದ. ಡೆಕ್ಕು ಕೆಟ್ಟಿದೆ ಎಂದುಕೊಂಡು ಬಿಚ್ಚಲು ಹೊರಡುವವರುಂಟು.

ಓಡಿಸುವುದು

ರೀಲುಗಳನ್ನು ತೆಗೆದುಬಿಡಿ. ಲೂಪು ಹೆಡ್ಡು, ಕ್ಯಾಪ್‌ಸ್ಟನ್ (ಟೇಪನ್ನು ಎಳೆಯುವ ತಿರುಗು ಕಡ್ಡಿ) ದಾಟಿ ಹೊರಗೆ ಬಂದು ಮೈಕ್ ಸ್ಟ್ಯಾಂಡಿನ ನುಣುಪು ಕೊಳವೆಯನ್ನು ಬಳಸಿ ಮರಳಬೇಕು. ಡೆಕ್ಕು ಅಂಗಾತ ಇದ್ದರೆ ಕೊಳವೆ ನೆಟ್ಟಗಿರಲಿ. ಗೋಡೆಯಂತೆ ನಿಂತ ಡೆಕ್ಕಾದರೆ ಕೊಳವೆಯೂ ಅಡ್ಡಕ್ಕೆ, ಕ್ಯಾಪ್‌ಸ್ಟನ್ನಿಗೆ ಸಮಾನಾಂತರವಾಗಿರಬೇಕು. ಹಾಗಿಲ್ಲದಿದ್ದರೆ ಟೇಪು ಮೇಲೆ ಕೆಳಗೆ ಹತ್ತಿ ಅಂಚು ಮಡಚಿಕೊಳ್ಳುತ್ತದೆ. ಬಿಗಿತ ತೋರುವ ತೋಳು ಕೆಳಗೆ ಬಿದ್ದಾಗ ತಾನೇ ನಿಲ್ಲುವ ಡೆಕ್ಕುಗಳಲ್ಲಿ ತೋಳನ್ನು ರಬ್ಬರ್ ಬ್ಯಾಂಡಿನಿಂದ ಎತ್ತಿ ಹಿಡಿಯಿರಿ.

ಬಿಗಿತವನ್ನು ಸ್ಟ್ಯಾಂಡ್ ಸರಿಸಿಯೇ ಹೊಂದಿಸಬೇಕು. ಸಡಿಲವಾದರೆ ಟೇಪು ಹೆಡ್ಡಿನಿಂದ ಏಳುತ್ತದೆ, ಮೊದಲು ಮಾಯವಾಗುವುದು ನಾಣ್ಯದ ತಾರಸ್ವರ. ಹೆಚ್ಚು ಎಳೆದರೆ ಕ್ಯಾಪ್‌ಸ್ಟನ್ ಜಾರಿ ತಾಳ ತೂಗಾಡುತ್ತದೆ, ಜೋಡಣೆಗಳೂ ಬಾಯಿಬಿಡುತ್ತವೆ. ಆರು ನಿಮಿಷ ಓಡಿದರೆ ಲೂಪು ನೂರಕ್ಕೂ ಹೆಚ್ಚು ಸುತ್ತು ಹಾಕಿ ಏಳುನೂರಕ್ಕೂ ಹೆಚ್ಚು ಸಲ ಜೋಡಣೆಗಳು ಹೆಡ್ಡನ್ನು ಉಜ್ಜಿರುತ್ತವೆ. ಆದ್ದರಿಂದ ಓಡಿಸುವ ಮುಂಚೆ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಸದ್ದು ಸರಿಯಾಗುತ್ತಲೇ ಇನ್ನೊಂದು ಯಂತ್ರಕ್ಕೆ ಹಾಡಿನ ಪೂರ್ತಿ ಉದ್ದ ನಕಲು ಮಾಡಿಕೊಳ್ಳಿ. ಲೂಪಿನ ಡೆಕ್ಕಿನಲ್ಲಿ ರೆಕಾರ್ಡ್ ಗುಂಡಿಯ ಹತ್ತಿರ ಕೈ ಹೋಗಬಾರದು: ಮೂರೂವರೆ ಸೆಕೆಂಡಿನಲ್ಲಿ ಇಡೀ ಕೆಲಸ ಅಳಿಸಿಹೋಗುತ್ತದೆ.

ವೇದಿಕೆಗೂ ಈ ನಕಲೇ ಹೋಗಲಿ. 1972ರ ಜನವರಿ 20ರಂದು ಇಂಗ್ಲೆಂಡಿನ ಬ್ರೈಟನ್ ಡೋಮ್‌ನಲ್ಲಿ ಪಿಂಕ್ ಫ್ಲಾಯ್ಡ್ ಈ ಕೃತಿಯನ್ನು ಮೊದಲ ಬಾರಿ ನುಡಿಸಿದಾಗ ತಾಂತ್ರಿಕ ತೊಂದರೆಯಿಂದ ‘ಮನಿ’ಯಲ್ಲೇ ನಿಲ್ಲಿಸಬೇಕಾಯಿತು. ವಾದ್ಯದವರು ಲೂಪಿನ ಜೊತೆ ಉದ್ದಕ್ಕೂ ಓಡಬೇಕಿಲ್ಲ. ಮೂಲದಲ್ಲೂ ತಂಡ ನೆಲೆಗೊಂಡ ಮೇಲೆ ಲೂಪು ಮೆಲ್ಲಗೆ ಮರೆಯಾಗುತ್ತದೆ, ಗಿಟಾರ್ ಸೋಲೊ ಹೊತ್ತಿಗೆ ತಾಳವೇ ನಾಲ್ಕಕ್ಕೆ ತಿರುಗಿರುತ್ತದೆ. ಹೀಗಿದ್ದೂ ಏಳರ ತಾಳದ ಈ ಹಾಡು ಅಮೆರಿಕದ ಸಿಂಗಲ್ಸ್ ಪಟ್ಟಿಯಲ್ಲಿ 13ನೇ ಸ್ಥಾನ ಮುಟ್ಟಿತು. ಆಲ್ಬಂ ಅಲ್ಲಿ 1973ರ ಏಪ್ರಿಲ್ ಕೊನೆಯಲ್ಲಿ ಒಂದೇ ಒಂದು ವಾರ ಮೊದಲ ಸ್ಥಾನದಲ್ಲಿತ್ತು, ಆದರೆ 1988ರೊಳಗೆ ಪಟ್ಟಿಯಲ್ಲಿ ಕಳೆದ ವಾರಗಳು 741.

ನಾಲ್ಕು ಮೂಲೆಗೆ ಹಂಚುವುದಾದರೆ

ಕ್ವಾಡ್ರಫೋನಿಕ್ (ನಾಲ್ಕು ಸ್ಪೀಕರಿನ) ಮಿಶ್ರಣಕ್ಕಾಗಿ ಈ ಲೂಪನ್ನು ನಾಲ್ಕು ಟ್ರ್ಯಾಕಿಗೆ ಅಳವಡಿಸಿ, ಸದ್ದು ಕೋಣೆಯ ಸುತ್ತ ನಡೆದಾಡುವಂತೆ ಮಾಡಿದ್ದರು. 1973ರ ಫೆಬ್ರವರಿ 27ರಂದು ಲಂಡನ್ ಪ್ಲಾನೆಟೇರಿಯಂನಲ್ಲಿ ಪತ್ರಕರ್ತರಿಗೆ ಆಲ್ಬಂ ಕೇಳಿಸುವ ಹೊತ್ತಿಗೆ ಆ ಮಿಶ್ರಣ ಮುಗಿದಿರಲಿಲ್ಲ. ಕಳಪೆ ಸ್ಪೀಕರುಗಳಲ್ಲಿ ಸ್ಟೀರಿಯೋ ಕೇಳಿಸಿದರು, ತಂಡದಿಂದ ಬಂದವರು ರಿಚರ್ಡ್ ರೈಟ್ ಒಬ್ಬರೇ. ನಾಲ್ಕು ಟ್ರ್ಯಾಕಿನ ಡೆಕ್ಕಿದ್ದರೆ ಪ್ರತಿ ಸದ್ದನ್ನು ಬೇರೆ ಟ್ರ್ಯಾಕಿಗೆ ಹಿಡಿದು ಅದೇ ಅಳತೆಗೆ ಕತ್ತರಿಸಿ. ಒಂದು ತೊಡಕಿದೆ. ಮೂಲೆ ನಾಲ್ಕು, ಬೀಟ್ ಏಳು. ಒಂದು, ಎರಡು, ಮೂರು, ನಾಲ್ಕು, ಒಂದು, ಎರಡು, ಮೂರು ಆದ ಮೇಲೆ ಸದ್ದು ನಾಲ್ಕನೇ ಮೂಲೆಯನ್ನು ಹಾರಿ ಮತ್ತೆ ಒಂದಕ್ಕೆ ಬರುತ್ತದೆ. ಎಲ್ಲೂ ಹಾರದೆ ಸುತ್ತಬೇಕಾದರೆ 28 ತುಂಡು ಬೇಕು, ಲೂಪು 533 ಸೆಂ.ಮೀ. ಆಗುತ್ತದೆ, ಅದಕ್ಕೆ ಒಂದು ಸ್ಟ್ಯಾಂಡ್ ಸಾಲದು, ಕೋಣೆಯುದ್ದಕ್ಕೂ ಮೂರ್ನಾಲ್ಕು ನಿಲ್ಲಿಸಬೇಕು.

ಮುಗಿದ ಲೂಪನ್ನು ಮಡಚದೆ ದಪ್ಪನೆಯ ಮರದ ಗೂಟಕ್ಕೆ ತೂಗುಹಾಕಿ. ಮೊದಲ ತುಂಡಿನ ಬೆನ್ನಿಗೆ ವೇಗ, ಬೀಟು, ಓಡುವ ದಿಕ್ಕಿನ ಬಾಣ ಬರೆದಿಡಿ.