ನ್ಯಾಚೆಜ್‌ಗೆ ಲಾಂಗ್ ವೀಕೆಂಡ್: ಮೂರು ದಿನ ಹೆಂಗೆ ಪ್ಲಾನ್ ಮಾಡ್ಕೋಬೇಕು

ಹ್ಯೂಸ್ಟನ್, ಡಾಲಸ್, ಅಟ್ಲಾಂಟಾ ಕಡೆ ಇರೋ ನಮ್ಮವ್ರಿಗೆ ಲಾಂಗ್ ವೀಕೆಂಡ್ ಬಂತು ಅಂದ್ರೆ ಒಂದು ನ್ಯೂ ಆರ್ಲಿಯನ್ಸು, ಇಲ್ಲಾಂದ್ರೆ ಯಾವ್ದೋ ಬೀಚು. ಈ ಸಲ ಮಿಸಿಸಿಪ್ಪಿ ರಾಜ್ಯದ ನ್ಯಾಚೆಜ್‌ಗೆ ಹೋಗಿ ಅಂತ ನಾನು ಹೇಳ್ತೀನಿ. 14 ಸಾವಿರ ಚಿಲ್ಲರೆ ಜನ ಇರೋ ಪುಟ್ಟ ಊರು, ಮಿಸಿಸಿಪ್ಪಿ ನದಿ ದಂಡೆ ಮೇಲಿನ ಎತ್ತರದ ದಿಬ್ಬದಲ್ಲಿ ಕೂತಿದೆ. 1716ರಲ್ಲಿ ಫ್ರೆಂಚರು ಇಲ್ಲಿ ಕೋಟೆ ಕಟ್ಟಿದ್ರು, ಆಮೇಲೆ ಬ್ರಿಟಿಷ್ರು ಬಂದ್ರು, ಸ್ಪ್ಯಾನಿಷರು ಬಂದ್ರು, ಕೊನೆಗೆ 1798ರಲ್ಲಿ ಅಮೆರಿಕದವರ ಕೈಗೆ ಬಂತು. ಸಿವಿಲ್ ವಾರ್‌ನಲ್ಲಿ, ಅಂದ್ರೆ ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳ ನಡುವಿನ 1861-65ರ ಯುದ್ಧದಲ್ಲಿ, ಊರು ದೊಡ್ಡ ಕಾಳಗ ಏನೂ ಇಲ್ದೆ ಶರಣಾಗಿದ್ರಿಂದ ಹಳೇ ಮನೆಗಳು ಹಂಗೇ ಉಳ್ಕೊಂಡ್ವು, ಅದಕ್ಕೇ ಜನ ಇಲ್ಲಿಗೆ ಬರೋದು.

ಆದ್ರೆ ಬರೋರಲ್ಲಿ ತುಂಬಾ ಜನ ಬಿಳೀ ಕಂಬದ ದೊಡ್ಡ ಮನೆಗಳನ್ನ ನೋಡಿ, ಫೋಟೋ ತೆಗೆದು ಹೊರಟುಬಿಡ್ತಾರೆ. ಆ ಮನೆಗಳು ಯಾರ ದುಡ್ಡಲ್ಲಿ, ಯಾರ ಬೆವರಲ್ಲಿ ಎದ್ದಿದ್ದು ಅನ್ನೋದನ್ನ ಮೊದ್ಲು ನೋಡಿ, ಆಮೇಲೆ ಮನೆ ನೋಡಿ. ಇಡೀ ಪ್ಲಾನ್‌ನಲ್ಲಿ ನಾನು ಒತ್ತಿ ಹೇಳೋದು ಇದೊಂದೇ, ಮಿಕ್ಕಿದ್ದು ನಿಮ್ಮ ಅನುಕೂಲ.

ಯಾವಾಗ ಹೋಗೋದು ಅಂದ್ರೆ, ಮೆಮೋರಿಯಲ್ ಡೇ, ಲೇಬರ್ ಡೇ ಎರಡೂ ಬೇಡ, ಆ ಸೆಕೆ ತೇವದಲ್ಲಿ ನಡೆದು ಊರು ನೋಡೋಕಾಗಲ್ಲ, ಅದ್ರಲ್ಲೂ ಊರಿಂದ ಬಂದಿರೋ ಅಪ್ಪ ಅಮ್ಮ ಜೊತೇಲಿದ್ರೆ ಬೇಡವೇ ಬೇಡ. ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ವೀಕೆಂಡ್ ಅಥವಾ ಅಕ್ಟೋಬರ್ ಎರಡನೇ ಸೋಮವಾರದ ರಜ ಒಳ್ಳೇದು. ವಸಂತದಲ್ಲಿ ಪಿಲ್‌ಗ್ರಿಮೇಜ್ ಅಂತ ನಡೆಯುತ್ತೆ, 1930ರ ದಶಕದಿಂದ ಇರೋ ಪದ್ಧತಿ, ಬೇರೆ ಟೈಮಲ್ಲಿ ಬಾಗಿಲು ತೆಗೀದಿರೋ ಖಾಸಗಿ ಮನೆಗಳನ್ನೂ ಆಗ ತೋರಿಸ್ತಾರೆ. ಅಕ್ಟೋಬರ್‌ನಲ್ಲೇ ಒಂದು ವೀಕೆಂಡ್ ಹಾಟ್ ಏರ್ ಬಲೂನ್ ರೇಸ್ ಕೂಡ ಇರುತ್ತೆ. ಈ ಎರಡಕ್ಕೂ ರೂಮ್ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡ್ಬೇಕು, ಗಲಾಟೆ ಬೇಡ ಅನ್ನೋರು ಆ ಡೇಟು ಬಿಟ್ಟು ಹೋಗಿ.

ಕಾರಲ್ಲೇ ಹೋಗ್ಬೇಕು. ದೊಡ್ಡ ಫ್ಲೈಟ್‌ಗಳು ಬರೋ ಏರ್‌ಪೋರ್ಟ್ ಊರಲ್ಲಿಲ್ಲ, ಬ್ಯಾಟನ್ ರೂಜ್‌ಗೋ ಜಾಕ್ಸನ್‌ಗೋ ಇಳಿದು ಅಲ್ಲಿಂದ ಒಂದೂವರೆ ಎರಡು ಗಂಟೆ ಡ್ರೈವ್. ನ್ಯೂ ಆರ್ಲಿಯನ್ಸಿಂದ ಹತ್ತಿರ ಹತ್ತಿರ ಮೂರು ಗಂಟೆ, ಹ್ಯೂಸ್ಟನ್‌ನಿಂದ ಐದಾರು, ಅಟ್ಲಾಂಟಾದಿಂದ ಏಳು ಗಂಟೆ ಮೇಲೇ ಹಿಡಿಯುತ್ತೆ. ಶುಕ್ರವಾರ ಮಧ್ಯಾಹ್ನವೇ ಹೊರಟ್ರೆ ಶನಿವಾರ ಪೂರ್ತಿ ಕೈಗೆ ಸಿಗುತ್ತೆ. ಉಳ್ಕೊಳೋಕೆ ಹೈವೇ ಪಕ್ಕದ ಮೋಟೆಲ್ ಸ್ವಲ್ಪ ಅಗ್ಗ ಅನ್ನಿ, ಆದ್ರೂ ಡೌನ್‌ಟೌನ್‌ನಲ್ಲೇ ಹಿಡೀರಿ, ಯಾಕಂದ್ರೆ ಸಂಜೆ ಕಾರು ಮುಟ್ಟದೆ ನದಿ ದಂಡೆಗೆ ನಡ್ಕೊಂಡು ಹೋಗಿ ಬರೋ ಸುಖಾನೇ ಬೇರೆ. ಹಳೇ ಮನೆಗಳನ್ನ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಮಾಡಿರೋದು ತುಂಬಾ ಇವೆ, ಬುಕ್ ಮಾಡೋಕೆ ಮುಂಚೆ ಮೆಟ್ಟಿಲು ಎಷ್ಟು, ಮಕ್ಕಳಿಗೆ ಅವಕಾಶ ಇದೆಯಾ, ಬೆಳಗ್ಗೆ ತಿಂಡಿಗೆ ವೆಜ್ ಕೊಡ್ತೀರಾ ಅಂತ ಮೂರೂ ಕೇಳ್ಕೊಳ್ಳಿ.

ಶನಿವಾರ ಬೆಳಗ್ಗೆ ಫೋರ್ಕ್ಸ್ ಆಫ್ ದಿ ರೋಡ್‌ನಿಂದ ಶುರು ಮಾಡಿ. ನೋಡೋಕೆ ಅಲ್ಲಿ ಕಟ್ಟಡ ಅಂತ ಏನೂ ಇಲ್ಲ, ರಸ್ತೆ ಕೂಡೋ ಜಾಗದಲ್ಲಿ ಒಂದು ಹುಲ್ಲು ಜಾಗ, ಮಾಹಿತಿ ಬೋರ್ಡುಗಳು, ಕಾಂಕ್ರೀಟಲ್ಲಿ ಹುದುಗಿಸಿರೋ ಬೇಡಿ ಸರಪಳಿ. ಡೀಪ್ ಸೌತ್ ಅನ್ನೋ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ನ್ಯೂ ಆರ್ಲಿಯನ್ಸ್ ಬಿಟ್ರೆ ಅತಿ ದೊಡ್ಡ ಗುಲಾಮರ ಸಂತೆ ಇದೇ ಆಗಿತ್ತು. 1808ರಲ್ಲಿ ಹೊರದೇಶದಿಂದ ಗುಲಾಮರನ್ನ ತರೋದಕ್ಕೆ ನಿಷೇಧ ಬಂದ್ಮೇಲೆ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಮನುಷ್ಯರನ್ನ ಸರಪಳಿ ಕಟ್ಟಿ ನೂರಾರು ಮೈಲಿ ನಡೆಸ್ಕೊಂಡು ತಂದು ಇಲ್ಲಿ ಮಾರ್ತಿದ್ರು, ಗಂಡ ಒಂದ್ಕಡೆ ಹೆಂಡ್ತಿ ಮಕ್ಕಳು ಒಂದ್ಕಡೆ. 1863ರಲ್ಲಿ ಯೂನಿಯನ್ ಸೈನ್ಯ, ಅಂದ್ರೆ ಉತ್ತರದವರ ಸೈನ್ಯ, ಊರಿಗೆ ಬಂದ್ಮೇಲೆ ಗುಲಾಮರನ್ನ ಕೂಡಿಹಾಕ್ತಿದ್ದ ದೊಡ್ಡಿಗಳನ್ನ ಕಿತ್ತು ಹಾಕಿದ್ರು, ಹಂಗೆ ಕಿತ್ತವರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾಗಿ ಸೈನ್ಯ ಸೇರಿದ ಕಪ್ಪು ಸೈನಿಕರೂ ಇದ್ರು. ಈ ಜಾಗ ನ್ಯಾಷನಲ್ ಪಾರ್ಕ್‌ನವರ ಕೈಗೆ ಬಂದಿದ್ದು 2021ರಲ್ಲಿ, ಅಂದ್ರೆ ಮೊನ್ನೆ ಮೊನ್ನೆ. ಅರ್ಧ ಗಂಟೆ ಸಾಕು, ಆದ್ರೆ ಬೋರ್ಡು ಪೂರ್ತಿ ಓದಿ, ದೊಡ್ಡ ಮಕ್ಕಳಿದ್ರೆ ಜೊತೇಲಿ ನಿಲ್ಲಿಸ್ಕೊಂಡು ಓದ್ಸಿ.

ಅಲ್ಲಿಂದ ಸೀದಾ ಮೆಲ್ರೋಸ್ ಅನ್ನೋ ಹಳೇ ದೊಡ್ಡ ಮನೆಗೆ ಹೋಗಿ, ಅದೂ ಪಾರ್ಕ್‌ನವರದ್ದೇ. ಮನೆ ಒಳಗಿನ ಟೂರ್ ಟೈಮಿಂಗ್ ಹಿಂದಿನ ವಾರವೇ ವೆಬ್‌ಸೈಟಲ್ಲಿ ನೋಡ್ಕೊಳ್ಳಿ. ಊಟದ ಟೇಬಲ್ ಮೇಲೆ ಮರದ ದೊಡ್ಡ ಪಂಖಾ ನೇತಾಡ್ತಿರುತ್ತೆ, ನಮ್ಮ ದೇಶದಲ್ಲಿ ಸಾಹೇಬರ ಬಂಗಲೆಗಳಲ್ಲಿ ಹಗ್ಗ ಎಳೆದು ಬೀಸ್ತಿದ್ರಲ್ಲ ಅದೇ ಪಂಖಾ, ಹೆಸರೂ ಅಲ್ಲಿ ಅದೇ. ಹಗ್ಗ ಎಳೀತಿದ್ದಿದ್ದು ಗುಲಾಮರ ಮನೆ ಮಕ್ಕಳು. ಹಿತ್ತಲ ಕಡೆ ಗಂಟೆಗಳ ಸಾಲು ಇದೆ, ಒಂದೊಂದಕ್ಕೂ ಒಂದೊಂದು ದನಿ, ಯಾವ ದನಿ ಬಂದ್ರೆ ಯಾರು ಓಡ್ಬೇಕು ಅಂತ ಲೆಕ್ಕ. ಮುಂದಿನ ಹಾಲ್‌ಗಿಂತ ಈ ಹಿತ್ತಲಲ್ಲೇ ಜಾಸ್ತಿ ಹೊತ್ತು ಕಳೀರಿ, ಗುಲಾಮರು ಇರ್ತಿದ್ದ ಮನೆಗಳು ಇನ್ನೂ ನಿಂತಿವೆ.

ಮಧ್ಯಾಹ್ನ ಡೌನ್‌ಟೌನಲ್ಲಿ ವಿಲಿಯಂ ಜಾನ್ಸನ್ ಮನೆ. 1809ರಲ್ಲಿ ಗುಲಾಮನಾಗೇ ಹುಟ್ಟಿ, ಹುಡುಗನಾಗಿದ್ದಾಗ ಬಿಡುಗಡೆಯಾಗಿ, ಕ್ಷೌರದಂಗಡಿ ಇಟ್ಟು ದುಡ್ಡು ಮಾಡಿದವನು, 1835ರಿಂದ 1851ರಲ್ಲಿ ಕೊಲೆಯಾಗೋವರೆಗೂ ಡೈರಿ ಬರೆದಿಟ್ಟ. ಅವನೇ ಆಮೇಲೆ ಗುಲಾಮರನ್ನ ಇಟ್ಕೊಂಡಿದ್ದ ಅನ್ನೋದೂ ನಿಜ, ಆ ಊರಿನ ಕಥೆ ಅಷ್ಟು ಸಿಕ್ಕುಸಿಕ್ಕು.

ಸಂಜೆ ಬ್ಲಫ್ ಪಾರ್ಕ್. ದಿಬ್ಬ ಪಶ್ಚಿಮಕ್ಕೆ ಮುಖ ಮಾಡಿರೋದ್ರಿಂದ ಸೂರ್ಯ ನದಿಯಾಚೆ ಲೂಸಿಯಾನಾ ಬಯಲಲ್ಲಿ ಮುಳುಗ್ತಾನೆ, ಬೆಂಚುಗಳಿವೆ, ವಯಸ್ಸಾದವ್ರಿಗೆ ಆರಾಮು. ಅಲ್ಲೇ ರಿದಂ ನೈಟ್ ಕ್ಲಬ್ ಬೆಂಕಿ ದುರಂತದ ಸ್ಮಾರಕ ಇದೆ, 1940ರ ಏಪ್ರಿಲ್‌ನಲ್ಲಿ ಕಿಟಕಿಗಳಿಗೆ ಹಲಗೆ ಹೊಡೆದಿದ್ದ ಒಂದು ಡ್ಯಾನ್ಸ್ ಹಾಲಲ್ಲಿ 209 ಜನ ತೀರ್ಕೊಂಡ್ರು, ಅದನ್ನ ದಾಟ್ಕೊಂಡು ಹೋಗ್ಬೇಡಿ.

ಭಾನುವಾರ ಬೆಳಗ್ಗೆ ಸಣ್ಣ ಊರಲ್ಲಿ ಅಂಗಡಿಗಳು ತೆಗೆಯೋದು ತಡ, ಆ ಹೊತ್ತನ್ನ ನ್ಯಾಚೆಜ್ ಟ್ರೇಸ್ ಪಾರ್ಕ್‌ವೇಗೆ ಇಟ್ಕೊಳ್ಳಿ. ನ್ಯಾಶ್ವಿಲ್‌ವರೆಗೂ 444 ಮೈಲಿ ಇರೋ ರಸ್ತೆ, ಒಂದು ಲಾರಿ ಇಲ್ಲ, ಒಂದು ಜಾಹೀರಾತು ಬೋರ್ಡ್ ಇಲ್ಲ, ಬರೀ ಮರ. ಸ್ಪೀಡ್ ಲಿಮಿಟ್ ಹೆಚ್ಚಿನ ಕಡೆ ಗಂಟೆಗೆ 50 ಮೈಲಿ, ಅದನ್ನ ಮೀರ್ಬೇಡಿ, ಸಂಜೆ ಹೊತ್ತು ಜಿಂಕೆ ಅಡ್ಡ ಬರ್ತವೆ. ರಸ್ತೆ ಮೇಲೆ ಪೆಟ್ರೋಲ್ ಬಂಕ್ ಇಲ್ಲ, ಊರಲ್ಲೇ ಟ್ಯಾಂಕ್ ತುಂಬಿಸ್ಕೊಳ್ಳಿ, ಸಿಗ್ನಲ್ ಕೈಕೊಡುತ್ತೆ ಹಂಗಾಗಿ ಮ್ಯಾಪ್ ಡೌನ್‌ಲೋಡ್ ಮಾಡಿಟ್ಕೊಳ್ಳಿ. ಹತ್ತನೇ ಮೈಲಿ ಹತ್ರ ಎಮರಾಲ್ಡ್ ಮೌಂಡ್, ಯುರೋಪಿನವರು ಬರೋಕೆ ಮುಂಚೆ ಅಲ್ಲಿನ ಮೂಲನಿವಾಸಿಗಳು ಮಣ್ಣು ಹೊತ್ತು ಕಟ್ಟಿದ ದಿಬ್ಬ, ಸುಮಾರು ಎಂಟು ಎಕರೆ ಇದೆ, ಮೇಲೆ ಹತ್ತಿ ನಿಂತ್ಕೊಳ್ಳಿ. ಊರಿಗೆ ತನ್ನ ಹೆಸರು ಕೊಟ್ಟ ನ್ಯಾಚೆಜ್ ಜನರ ಗ್ರ್ಯಾಂಡ್ ವಿಲೇಜ್ ಊರೊಳಗೇ ಇದೆ. 1729ರಲ್ಲಿ ಫ್ರೆಂಚರ ಮೇಲೆ ತಿರುಗಿ ಬಿದ್ದು, ಆಮೇಲೆ ನೆಲವನ್ನೇ ಕಳ್ಕೊಂಡವರು ಅವರು.

ವಾಪಸ್ ಬಂದು ಲಾಂಗ್‌ವುಡ್ ಅನ್ನೋ ದೊಡ್ಡ ಮನೆ ನೋಡಿ. ಎಂಟು ಮೂಲೆ, ತಲೆ ಮೇಲೆ ಈರುಳ್ಳಿ ಆಕಾರದ ಗುಮ್ಮಟ. 1861ರಲ್ಲಿ ಯುದ್ಧ ಶುರುವಾಗ್ತಿದ್ದಂಗೆ ಉತ್ತರದಿಂದ ಬಂದಿದ್ದ ಕೆಲಸಗಾರರು ಬಿಟ್ಟು ಹೋದ್ರು, ಕೆಳಗಿನ ಅಂತಸ್ತು ಮಾತ್ರ ಮುಗೀತು, ಮೇಲೆಲ್ಲಾ ಇವತ್ತಿಗೂ ಬೋಳು ಇಟ್ಟಿಗೆ, ಮರದ ತೊಲೆ. ಒಂದೇ ಒಂದು ದೊಡ್ಡ ಮನೆಗೆ ಟಿಕೆಟ್ ತಗೊಳ್ಳೋದಾದ್ರೆ ಇದಕ್ಕೇ ತಗೊಳ್ಳಿ. ಇನ್ನೊಂದು ದೊಡ್ಡ ಮನೆ ಸ್ಟ್ಯಾಂಟನ್ ಹಾಲ್, ಅದನ್ನ ಹೊರಗಿಂದ ನೋಡಿದ್ರೂ ನಡೆಯುತ್ತೆ.

ಊಟದ ವಿಷ್ಯ ವೆಜ್‌ನವ್ರು ಗಮನ ಕೊಡಿ. ಸೊಪ್ಪು, ಬೀನ್ಸ್ ಅಂತ ಮೆನುನಲ್ಲಿ ಇದ್ರೂ ಎಷ್ಟೋ ಸಲ ಅದು ಹಂದಿ ಮಾಂಸದ ಜೊತೆ ಬೆಂದಿರುತ್ತೆ, ಮಾಂಸ ಸೀಗಡಿ ಹಾಕೋ ಗಂಬೋ ಸಾರಂತೂ ಬಿಟ್ಟೇಬಿಡಿ, ಬಿಸ್ಕಿಟ್‌ಗೂ (ನಮ್ಮ ಟೀ ಬಿಸ್ಕೆಟ್ ಅಲ್ಲ, ಮೆತ್ತಗಿನ ಬನ್ ಥರದ್ದು) ಕೆಲವರು ಹಂದಿ ಕೊಬ್ಬು ಹಾಕ್ತಾರೆ. ಕೇಳಿ, ಬೇಜಾರಿಲ್ದೆ ಹೇಳ್ತಾರೆ. ಬೆಣ್ಣೆ ಹಾಕಿದ್ದು ಸಿಕ್ಕಿದ್ರೆ ಬಿಸ್ಕಿಟ್ ಬಿಡ್ಬೇಡಿ, ಆ ಊರು ತನ್ನನ್ನ ತಾನು ಬಿಸ್ಕಿಟ್ ರಾಜಧಾನಿ ಅಂತಾನೇ ಕರ್ಕೊಳ್ಳುತ್ತೆ. ಹಸಿ ಟೊಮ್ಯಾಟೊ ಫ್ರೈ, ಗ್ರಿಟ್ಸ್ ಕೂಡ ನಡೆಯುತ್ತೆ, ಗ್ರಿಟ್ಸ್ ಮೆಕ್ಕೆಜೋಳದ ನುಚ್ಚಿನ ಗಂಜಿ ಥರ ಇರೋದ್ರಿಂದ ದೊಡ್ಡವ್ರಿಗೂ ಸೇರುತ್ತೆ. ಆದ್ರೂ ಪುಳಿಯೋಗರೆ ಗೊಜ್ಜು, ಅವಲಕ್ಕಿ, ಸಣ್ಣ ರೈಸ್ ಕುಕ್ಕರ್ ಕಾರಲ್ಲಿ ಇರ್ಲಿ, ಭಾನುವಾರ ರಾತ್ರಿ ಮತ್ತೆ ಸೋಮವಾರ ತುಂಬಾ ಹೋಟೆಲ್ ಮುಚ್ಚಿರ್ತಾವೆ.

ಸೋಮವಾರ ಬೇಗ ಎದ್ದು ಸಿಟಿ ಸೆಮೆಟ್ರಿಗೆ ಒಂದು ಸುತ್ತು ಹಾಕಿ, 1822ರಿಂದ ಇದೆ, ನದಿ ಕಾಣುತ್ತೆ. ಆಮೇಲೆ ಟೆಕ್ಸಸ್ ಕಡೆಯವರು ಸೇತುವೆ ದಾಟಿ ವಿಡೇಲಿಯಾ ಮೇಲೆ ಹೊರಡಿ, ಬ್ಯಾಟನ್ ರೂಜ್ ಕಡೆಯವರು ಹೈವೇ 61 ಹಿಡಿದು ಸೇಂಟ್ ಫ್ರಾನ್ಸಿಸ್‌ವಿಲ್‌ನಲ್ಲಿ ಕಾಫಿಗೆ ನಿಲ್ಲಿಸಿ, ಹತ್ತು ಗಂಟೆ ಒಳಗೆ ಬಿಟ್ರೆ ರಜದ ಸಂಜೆಯ ಟ್ರಾಫಿಕ್ ತಪ್ಪುತ್ತೆ.