ಆಸ್ಟ್ರಿಯಾದಲ್ಲಿ ಕಾರು ಪ್ರವಾಸ: ಬಿಡಾರಕ್ಕೆ ಊರು ಆರಿಸುವುದು ಹೇಗೆ?

ಮೊದಲ ಸಲ ಆಸ್ಟ್ರಿಯಾಕ್ಕೆ ಹೋದಾಗ ನಾವು ಏಳು ದಿನಕ್ಕೆ ಐದು ಹೋಟೆಲ್ ಬುಕ್ ಮಾಡಿದ್ದೆವು. ದಿನಾ ಬೆಳಗ್ಗೆ ಸೂಟ್‌ಕೇಸ್ ತುಂಬುವುದು, ರೂಮು ಖಾಲಿ ಮಾಡುವುದು, ಮುಂದಿನ ರೂಮು ಮಧ್ಯಾಹ್ನ ಮೂರಕ್ಕೆ ಸಿಗುವ ತನಕ ಸಾಮಾನೆಲ್ಲ ಕಾರಿನಲ್ಲಿ ಇಟ್ಟುಕೊಂಡು ಅಲೆಯುವುದು. ಅದನ್ನಾದರೂ ತಡೆದುಕೊಳ್ಳಬಹುದು. ಗ್ರೋಸ್‌ಗ್ಲಾಕ್ನರ್ ಬೆಟ್ಟದ ರಸ್ತೆಗೆ ಅಂತ ಇಟ್ಟಿದ್ದ ದಿನ ಮೋಡ ಕವಿದು ಹತ್ತು ಅಡಿ ಮುಂದೆ ಏನೂ ಕಾಣಲಿಲ್ಲ. ಮಾರನೇ ದಿನ ಚೊಕ್ಕ ಬಿಸಿಲು. ಆದರೆ ಅಷ್ಟೊತ್ತಿಗೆ ನಾವು ಬೇರೆ ಊರಿನ ದಾರಿಯಲ್ಲಿದ್ದೆವು.

ಎರಡನೇ ಸಲ ಒಂದೇ ಊರಿನಲ್ಲಿ ಆರು ರಾತ್ರಿ ಇದ್ದೆವು. ಆಗ ಗೊತ್ತಾಯಿತು, ಒಂದೇ ಕಡೆ ಬಿಡಾರ ಹೂಡಿದರೆ ಸಾಮಾನು ಕಟ್ಟುವ ಕಷ್ಟ ತಪ್ಪುವುದಷ್ಟೇ ಅಲ್ಲ, ಹವಾಮಾನ ನೋಡಿಕೊಂಡು ದಿನಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಬೆಟ್ಟದ ನಾಡಿನಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಹಾಗಾದರೆ ಆ ಊರನ್ನು ಹುಡುಕುವುದು ಹೇಗೆ?

ಮೊದಲು, ದೇಶದ ಯಾವ ಭಾಗ ಅಂತ ತೀರ್ಮಾನಿಸಿ

ಆಸ್ಟ್ರಿಯಾ ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧದಷ್ಟೂ ಇಲ್ಲ. ಆದರೆ ಪೂರ್ವದಿಂದ ಪಶ್ಚಿಮಕ್ಕೆ ಉದ್ದಕ್ಕೆ ಚಾಚಿಕೊಂಡಿದೆ, 570 ಕಿ.ಮೀ.ಗಿಂತ ಜಾಸ್ತಿ. ವಿಯೆನ್ನಾದಿಂದ ಸಾಲ್ಜ್‌ಬರ್ಗ್‌ಗೆ ಸುಮಾರು 300 ಕಿ.ಮೀ., ಅಲ್ಲಿಂದ ಇನ್ಸ್‌ಬ್ರುಕ್‌ಗೆ ಮತ್ತೆ 180 ಕಿ.ಮೀ.ಗೂ ಜಾಸ್ತಿ. ಒಂದೇ ಊರಿನಲ್ಲಿ ಕೂತು ಇಡೀ ದೇಶ ನೋಡುತ್ತೇನೆ ಅಂದರೆ ಆಗುವ ಮಾತಲ್ಲ.

ವಿಯೆನ್ನಾವನ್ನು ಪೂರ್ತಿ ಬೇರೆಯಾಗಿ ಇಟ್ಟುಬಿಡಿ. ಅಲ್ಲಿ ಕಾರು ಬೇಡವೇ ಬೇಡ. ಮೆಟ್ರೋ, ಟ್ರಾಮ್ ಎಲ್ಲ ಕಡೆ ಹೋಗುತ್ತವೆ. 2022ರ ಮಾರ್ಚ್‌ನಿಂದ ಹೆಚ್ಚುಕಡಿಮೆ ಇಡೀ ನಗರದ ಬೀದಿಗಳಲ್ಲಿ ಪಾರ್ಕಿಂಗ್‌ಗೆ ದುಡ್ಡು ಕೊಡಬೇಕು, ಹೊತ್ತಿನ ಮಿತಿಯೂ ಉಂಟು. ಎರಡು ಮೂರು ದಿನ ನಡೆದು ನೋಡಿ, ಹೊರಡುವ ದಿನ ಕಾರು ತೆಗೆದುಕೊಳ್ಳಿ.

ಮೊದಲ ಸಲ ಹೋಗುವ ಹೆಚ್ಚಿನವರ ಮನಸ್ಸಿನಲ್ಲಿರುವುದು ಸಾಲ್ಜ್‌ಬರ್ಗ್, ಹಾಲ್‌ಸ್ಟಾಟ್, ಹಿಮದ ಬೆಟ್ಟ, ಕೆರೆಗಳು. ಇವೆಲ್ಲ ದೇಶದ ನಡುಭಾಗದಲ್ಲಿವೆ. ಹಾಗಾಗಿ ಇಲ್ಲಿ ಆ ಭಾಗವನ್ನೇ ಹಿಡಿದುಕೊಳ್ಳುತ್ತೇನೆ.

ಆಮೇಲೆ, ಕಿಲೋಮೀಟರ್ ಬಿಟ್ಟು ಗಂಟೆ ಲೆಕ್ಕ ಹಾಕಿ

ನೋಡಲೇಬೇಕು ಅನ್ನಿಸುವ ಜಾಗಗಳನ್ನು ಫೋನಿನ ಮ್ಯಾಪಿನಲ್ಲಿ ಗುರುತು ಮಾಡಿ. ಆರೇಳು ಸಾಕು. ಈಗ ಒಂದೊಂದೇ ಊರನ್ನು ತೆಗೆದುಕೊಂಡು, ಅಲ್ಲಿಂದ ಪ್ರತಿ ಜಾಗಕ್ಕೂ ಎಷ್ಟು ಹೊತ್ತಾಗುತ್ತದೆ ನೋಡಿ. ಒಂದು ದಿಕ್ಕಿಗೆ ಒಂದೂವರೆ ಗಂಟೆ ಮೀರಬಾರದು. ಅದು ನನ್ನ ಗೆರೆ. ಬಾಡಿಗೆ ಕಾರಿನಲ್ಲಿ, ರಸ್ತೆಯ ಬಲಗಡೆ, ಹೊಸ ದೇಶದಲ್ಲಿ ದಿನಕ್ಕೆ ಮೂರು ಗಂಟೆ ಓಡಿಸಿದರೆ ಸಂಜೆಗೆ ಭುಜ ಹಿಡಿದುಕೊಳ್ಳುತ್ತದೆ.

ಕಿಲೋಮೀಟರ್ ಯಾಕೆ ನಂಬಬಾರದು ಅಂದರೆ, ಹೆದ್ದಾರಿಯಲ್ಲಿ ಮಿತಿ ಗಂಟೆಗೆ 130 ಕಿ.ಮೀ., ಊರೊಳಗೆ 50. ಹೆದ್ದಾರಿಯಲ್ಲಿ 50 ಕಿ.ಮೀ. ಅರ್ಧ ಮುಕ್ಕಾಲು ಗಂಟೆ. ಅದೇ 50 ಕಿ.ಮೀ. ಕಣಿವೆ ದಾಟಿ ಹೋಗುವ ರಸ್ತೆಯಲ್ಲಿ ಒಂದು ಗಂಟೆ ದಾಟುತ್ತದೆ. ಮುಂದೆ ಟ್ರ್ಯಾಕ್ಟರ್ ಸಿಕ್ಕರೆ ಇನ್ನೂ ಜಾಸ್ತಿ.

ಚೆಂದದ ಊರು ಬೇಡ, ದಾರಿಗಳು ಕೂಡುವ ಊರು ನೋಡಿ

ಇಲ್ಲೇ ಎಲ್ಲರೂ ಎಡವುವುದು. ಹಾಲ್‌ಸ್ಟಾಟ್ ಫೋಟೋ ನೋಡಿ ಅಲ್ಲೇ ಉಳಿಯೋಣ ಅನ್ನಿಸುತ್ತದೆ ಅಲ್ವಾ? ಎಂಟುನೂರು ಜನರೂ ಇಲ್ಲದ ಊರದು, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕೆರೆ. ಹಗಲು ಹೊತ್ತಿನಲ್ಲಿ ಹೊರಗಿನವರ ಕಾರನ್ನು ಊರೊಳಗೆ ಬಿಡುವುದಿಲ್ಲ. ಒಂದು ರಾತ್ರಿಗೆ ಸೊಗಸು. ದಿನಾ ಬೆಳಗ್ಗೆ ಅಲ್ಲಿಂದ ಕಾರು ತೆಗೆದುಕೊಂಡು ತಿರುಗಾಡುವವರಿಗೆ ತಾಪತ್ರಯ. ಸಾಲ್ಜ್‌ಬರ್ಗ್ ನಗರವೂ ಅಷ್ಟೇ. ನೋಡಲು ಒಳ್ಳೆಯದು, ಆದರೆ ಹಳೇ ಪೇಟೆಯಲ್ಲಿ ಕಾರು ನಿಲ್ಲಿಸುವುದು ದುಬಾರಿ. ಜುಲೈ ಕೊನೆಯಿಂದ ಆಗಸ್ಟ್ ಕೊನೆವರೆಗೆ ಅಲ್ಲಿ ಸಂಗೀತೋತ್ಸವ, ರೂಮಿನ ಬಾಡಿಗೆ ಏರಿರುತ್ತದೆ.

ನಾವು ಆರಿಸಿದ್ದು ಬಿಷೋಫ್ಸ್‌ಹೋಫೆನ್. ಹಿಮದ ಇಳಿಜಾರಿನಿಂದ ಜಿಗಿಯುವ ಸ್ಕೀ ಜಂಪಿಂಗ್ ಆಟ ನೋಡುವವರಿಗೆ ಬಿಟ್ಟರೆ ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ. ಸಾಲ್ಜಾಕ್ ನದಿಯ ಕಣಿವೆಯ ಪುಟ್ಟ ಊರು. ಫೋಟೋಗೆ ಅಂತ ಯಾರೂ ಬರುವುದಿಲ್ಲ. ಆದರೆ ಉತ್ತರಕ್ಕೆ ಎ10 ಹೆದ್ದಾರಿ ಹಿಡಿದರೆ ಸಾಲ್ಜ್‌ಬರ್ಗ್ ಸುಮಾರು ಮುಕ್ಕಾಲು ಗಂಟೆ. ಪಶ್ಚಿಮಕ್ಕೆ ಕಣಿವೆ ರಸ್ತೆಯಲ್ಲಿ ಹೋದರೆ ಝೆಲ್ ಆಮ್ ಸೀ ಕೆರೆ, ಅದೂ ಹೆಚ್ಚುಕಡಿಮೆ ಅಷ್ಟೇ. ಗೋಸೌ ಅನ್ನುವ ಹಳ್ಳಿಯ ಮೇಲೆ ಹೋದರೆ ಹಾಲ್‌ಸ್ಟಾಟ್ ಒಂದು ಗಂಟೆಗೆ ಸ್ವಲ್ಪ ಜಾಸ್ತಿ. ವೆರ್ಫೆನ್ ಕೋಟೆಗೆ ಕಾಲು ಗಂಟೆ ಸಾಕು. ಇನ್ನೊಂದು ಲಾಭ, ಊರಿನಲ್ಲಿ ದೊಡ್ಡ ರೈಲು ಜಂಕ್ಷನ್ ಇದೆ. ಸಾಲ್ಜ್‌ಬರ್ಗ್ ನೋಡುವ ದಿನ ಕಾರನ್ನು ನಾವು ಹಿಡಿದಿದ್ದ ಬಾಡಿಗೆ ಮನೆ ಮುಂದೆ ಬಿಟ್ಟು ರೈಲಿನಲ್ಲಿ ಹೋದೆವು. ಓಡಿಸುವವರಿಗೂ ಒಂದು ದಿನ ರಜೆ ಬೇಕಲ್ಲವೇ?

ಸಂಜೆ ಹೊತ್ತು ಕೆರೆ ದಂಡೆಯಲ್ಲಿ ಓಡಾಡಬೇಕು, ಮಕ್ಕಳಿಗೆ ಈಜಬೇಕು ಅನ್ನುವವರು ಝೆಲ್ ಆಮ್ ಸೀಯಲ್ಲೇ ಇರಿ. ಗ್ರೋಸ್‌ಗ್ಲಾಕ್ನರ್ ರಸ್ತೆ ಅಲ್ಲಿಗೆ ಇನ್ನೂ ಹತ್ತಿರ. ಹಾಲ್‌ಸ್ಟಾಟ್ ಮಾತ್ರ ದೂರವಾಗುತ್ತದೆ. ಪಶ್ಚಿಮದ ಟಿರೋಲ್ ಕಡೆ ಹೋಗುವವರಿಗೆ ಇನ್ಸ್‌ಬ್ರುಕ್ ಪಕ್ಕದ ಹಳ್ಳಿಗಳು, ದಕ್ಷಿಣದ ಕೆರೆಗಳಿಗೆ ಫಿಲ್ಲಾಖ್ ಸರಿ.

ಬಿಸಿಲಿಗೊಂದು, ಮಳೆಗೊಂದು ಪಟ್ಟಿ

ತೇದಿ ಹಾಕಿ ಕಾರ್ಯಕ್ರಮ ಬರೆಯಬೇಡಿ. ಎರಡು ಪಟ್ಟಿ ಮಾಡಿ. ಬಿಸಿಲಿನ ಪಟ್ಟಿಯಲ್ಲಿ ಮೊದಲು ಬರಬೇಕಾದ್ದು ಗ್ರೋಸ್‌ಗ್ಲಾಕ್ನರ್ ರಸ್ತೆ. 1935ರಲ್ಲಿ ತೆರೆದ ಈ ರಸ್ತೆ 48 ಕಿ.ಮೀ. ಉದ್ದ, 36 ತಿರುವು, 2,500 ಮೀಟರ್‌ವರೆಗೆ ಏರುತ್ತದೆ. ಕಾರಿಗೆ ದಿನದ ಟೋಲ್ 40 ಯೂರೋಗಿಂತ ಜಾಸ್ತಿ. ಅಷ್ಟು ದುಡ್ಡು ಕೊಟ್ಟು ಮೋಡದೊಳಗೆ ಹೋಗಬಾರದು. ಸಾಮಾನ್ಯವಾಗಿ ಮೇ ಮೊದಲ ಭಾಗದಿಂದ ನವೆಂಬರ್ ಮೊದಲ ಭಾಗದವರೆಗೆ ಮಾತ್ರ ತೆರೆದಿರುತ್ತದೆ, ಅದೂ ರಾತ್ರಿ ಮುಚ್ಚುತ್ತಾರೆ.

ಮಳೆ ಪಟ್ಟಿಗೆ ಹಾಲೈನ್‌ನ ಉಪ್ಪಿನ ಗಣಿ, ಸಾಲ್ಜ್‌ಬರ್ಗ್‌ನ ಮ್ಯೂಸಿಯಂಗಳು. ವೆರ್ಫೆನ್‌ನ ಹಿಮದ ಗುಹೆ ಮೋಡದ ದಿನಕ್ಕೆ ಚೆನ್ನ. 40 ಕಿ.ಮೀ.ಗೂ ಉದ್ದದ ಗುಹೆಯಲ್ಲಿ ಮೊದಲ ಭಾಗ ಮಾತ್ರ ತೋರಿಸುತ್ತಾರೆ. ಹತ್ತಿ ಇಳಿಯುವ ಮೆಟ್ಟಿಲು ಸುಮಾರು 1,400, ಒಳಗೆ ಬೇಸಿಗೆಯಲ್ಲೂ ಸೊನ್ನೆ ಡಿಗ್ರಿ ಆಸುಪಾಸು. ಮಂಡಿ ನೋವಿರುವ ಹಿರಿಯರನ್ನು ಕರೆದೊಯ್ಯಬೇಡಿ, ಸ್ವೆಟರ್ ಮರೆಯಬೇಡಿ.

ನಾವಿದ್ದ ಬಾಡಿಗೆ ಮನೆಯ ಒಡತಿ ಬೆಳಗ್ಗೆ ತಿಂಡಿಗೆ ಬ್ರೆಡ್ಡು, ಜಾಮ್ ಇಡುತ್ತಾ ಟೀವಿ ಹಾಕುತ್ತಿದ್ದರು. ಬೆಟ್ಟಗಳ ಮೇಲೆ ಇಟ್ಟ ಕ್ಯಾಮೆರಾಗಳ ದೃಶ್ಯ ಒಂದಾದ ಮೇಲೊಂದು, ಮೂಲೆಯಲ್ಲಿ ಉಷ್ಣಾಂಶ. ಮೂರು ದಿನ ಬರೀ ಬಿಳಿ. ನಾಲ್ಕನೇ ದಿನ ಗ್ಲಾಕ್ನರ್ ಕಡೆ ನೀಲಿ ಆಕಾಶ ಕಂಡಿತು. ಆಕೆ ಪರದೆಗೆ ಬೆರಳಿಟ್ಟು, ನಮ್ಮ ಕಾರಿನ ಕಡೆ ಕೈ ತೋರಿಸಿದರು. ಅರ್ಧ ಕಪ್ ಕಾಫಿ ಅಲ್ಲೇ ಬಿಟ್ಟು ಎದ್ದೆವು. ಆವತ್ತು 3,798 ಮೀಟರಿನ ಆ ಶಿಖರದ ತುದಿಯವರೆಗೂ ಕಂಡಿತು.

ಮನೆ ಬುಕ್ ಮಾಡುವ ಮುನ್ನ

ಮನೆ ಮಾಲೀಕರಿಗೆ ನಾಲ್ಕು ಪ್ರಶ್ನೆ ಬರೆದು ಕೇಳಿ: ಕಾರು ನಿಲ್ಲಿಸಲು ಜಾಗ ಇದೆಯಾ, ಅದಕ್ಕೆ ಬೇರೆ ದುಡ್ಡಾ? ಅಡುಗೆಮನೆ ಇದೆಯಾ? ರಾತ್ರಿಗೆ ತಲೆಗಿಷ್ಟು ಅಂತ ಬರುವ ಪ್ರವಾಸಿ ತೆರಿಗೆ ಬಾಡಿಗೆಯಲ್ಲೇ ಸೇರಿದೆಯಾ? ಮನೆ ಊರೊಳಗಿದೆಯಾ, ಬೆಟ್ಟದ ಮೇಲಾ? ಮ್ಯಾಪಿನಲ್ಲಿ ಎರಡೇ ಕಿ.ಮೀ. ಅಂತ ಕಾಣುವ ಮನೆಗೆ ಒಂಟಿ ಕಾರಿನಗಲದ ಏರುರಸ್ತೆ ಇರಬಹುದು.

ಕೆಲವು ಕಡೆ ಮನೆಯವರೇ ಸುತ್ತಲಿನ ಬಸ್ಸು, ರೋಪ್‌ವೇಗಳಿಗೆ ರಿಯಾಯಿತಿ ಕಾರ್ಡು ಕೊಡುತ್ತಾರೆ. ಬಾಡಿಗೆ ಹೋಲಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೆದ್ದಾರಿಗೆ ವಿನ್ಯೆಟ್ ಅನ್ನುವ ಪಾಸು ಕಡ್ಡಾಯ. ಆಸ್ಟ್ರಿಯಾದಲ್ಲೇ ಬಾಡಿಗೆಗೆ ತೆಗೆದ ಕಾರಿಗೆ ಸಾಮಾನ್ಯವಾಗಿ ಇರುತ್ತದೆ. ಜರ್ಮನಿಯ ಮ್ಯೂನಿಕ್‌ನಲ್ಲಿ ತೆಗೆದರೆ ಕೇಳಿಯೇ ಹೊರಡಿ. ಹತ್ತು ದಿನದ್ದೂ ಸಿಗುತ್ತದೆ. ಬಿಷೋಫ್ಸ್‌ಹೋಫೆನ್‌ನಿಂದ ದಕ್ಷಿಣಕ್ಕೆ ಹೋದರೆ ಟೌವೆರ್ನ್ ಸುರಂಗಕ್ಕೆ ಬೇರೆ ಟೋಲ್ ಉಂಟು. ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ.

ವೀಸಾ ಅರ್ಜಿಗೂ ಒಂದೇ ಊರಿನ ಬುಕಿಂಗ್ ಹಗುರ. ಐದು ಹೋಟೆಲ್‌ಗಳ ಕಾಗದದ ಬದಲು ಒಂದು. ವೀಸಾ ಕೈಗೆ ಬರುವವರೆಗೆ ದುಡ್ಡು ಕಳೆಯದೆ ರದ್ದು ಮಾಡಲು ಬರುವಂಥ ಮನೆಯನ್ನೇ ಹಿಡಿಯಿರಿ.

ಇನ್ನು ಊರು ತಲುಪುವ ದಿನ. ಜುಲೈ, ಆಗಸ್ಟ್‌ನ ಶನಿವಾರ ಬೇಡ. ಆವತ್ತು ಯುರೋಪಿನ ಅರ್ಧ ಜನ ರಜೆಗೆ ಅಂತ ಎ10ರಲ್ಲೇ ಇರುತ್ತಾರೆ. ನಾವು ಮೊದಲ ಪ್ರವಾಸದಲ್ಲಿ ಹಾಗೆ ಸಿಕ್ಕಿಕೊಂಡು ರಾತ್ರಿ ಎಂಟಕ್ಕೆ ತಲುಪಿದೆವು. ಶನಿವಾರ ಸಂಜೆ ಆರಕ್ಕೇ ಅಂಗಡಿ ಬಂದ್, ಭಾನುವಾರ ಪೂರ್ತಿ ರಜೆ. ಮಕ್ಕಳಿಗೆ ಪೆಟ್ರೋಲ್ ಬಂಕಿನ ಚಿಪ್ಸೇ ಊಟವಾಯಿತು. ಎರಡನೇ ಸಲ ಗುರುವಾರ ಮಧ್ಯಾಹ್ನ ಇಳಿದು, ಮೊದಲು ಅಂಗಡಿಗೆ ಹೋಗಿ ಅಕ್ಕಿ, ಮೊಸರು, ಟೊಮೆಟೊ ತಂದೆವು. ಒಗ್ಗರಣೆಯ ಡಬ್ಬಿ ಮನೆಯಿಂದಲೇ ಬಂದಿತ್ತು.