ಎಂಜಿನ್ ಅಲ್ಲ, ಬೆಲ್ಟಿನ ಆ ತುದಿ ನೋಡಿ: ಕಿಂಜರ್ಸ್ ಮೇಳದಲ್ಲಿ ನನ್ನ ಅನುಭವ

ಹಳೆ ಎಂಜಿನ್ ಮೇಳಕ್ಕೆ ಬಂದವರೆಲ್ಲ ಎಂಜಿನ್ ಮುಂದೆ ನಿಂತು ಫೋಟೊ ತೆಗೆಯುತ್ತಾರೆ. ಎಂಜಿನ್ನಿನ ಶಕ್ತಿಯನ್ನು ಬೇರೊಂದು ಯಂತ್ರಕ್ಕೆ ಒಯ್ಯುವ ಬೆಲ್ಟಿನ ಇನ್ನೊಂದು ತುದಿಯಲ್ಲಿ ಏನಿದೆ ಎಂದು ನೋಡುವವರು ಕಡಿಮೆ. ನನಗೆ ರುಚಿ ಹತ್ತಿದ್ದು ಅಲ್ಲಿ.

ನಾನು ಪ್ರತಿ ಬೇಸಿಗೆ ಹೋಗುವುದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಕಿಂಜರ್ಸ್‌ಗೆ. 30ನೇ ಹೆದ್ದಾರಿಯ ಪಕ್ಕದ ಸಣ್ಣ ಊರು. 1948ರಲ್ಲಿ ಹುಟ್ಟಿದ ರಫ್ ಅಂಡ್ ಟಂಬಲ್ ಸಂಘ ಅಲ್ಲಿ ಆಗಸ್ಟ್ ನಡುವೆ ಒಕ್ಕಣೆಯ ದೊಡ್ಡ ಮೇಳ ನಡೆಸುತ್ತದೆ. ಶುಕ್ರವಾರ ರಜೆ ಹಾಕಿ, ವ್ಯಾನಿಗೆ ಹಲಗೆ ಕೊಟ್ಟು ಎಂಜಿನ್ ಉರುಳಿಸಿ ಹೇರಿಕೊಂಡು ಹೊರಡುತ್ತೇನೆ. ಜೊತೆಗೆ ಒಂದು ಡಬ್ಬ ಪುಳಿಯೋಗರೆ. ಮೇಳದಲ್ಲಿ ಸಸ್ಯಾಹಾರಿಗೆ ಸಿಗುವುದೆಲ್ಲ ಸಿಹಿಯೇ. ಕಾಕಂಬಿ ಹಾಕಿ ಮಾಡುವ ಇಲ್ಲಿನ ಶೂಫ್ಲೈ ಪೈ ಮಾತ್ರ ಬಿಡುವುದಿಲ್ಲ. ಮಂಡ್ಯ ಕಡೆಯ ನನ್ನ ಮೂಗಿಗೆ ಅದು ಆಲೆಮನೆಯ ವಾಸನೆ.

ನನ್ನದು ಒಂದೂವರೆ ಅಶ್ವಶಕ್ತಿಯ ಎಕಾನಮಿ ಎಂಜಿನ್. ಇಂಡಿಯಾನಾದ ಇವಾನ್ಸ್‌ವಿಲ್‌ನ ಹರ್ಕ್ಯುಲಿಸ್ ಕಂಪನಿ ತಯಾರಿಸಿದ್ದು, ಸಿಯರ್ಸ್ ತನ್ನ ಕ್ಯಾಟಲಾಗಿನಲ್ಲಿ ರೈತರಿಗೆ ಮಾರಿದ್ದು. ಇಂಥದ್ದನ್ನು ಕೊಳ್ಳುವವರಿಗೆ ಒಂದು ಮಾತು: ಬಣ್ಣ ನೋಡಬೇಡಿ, ನೀರಿನ ತೊಟ್ಟಿ ನೋಡಿ. ಇದಕ್ಕೆ ರೇಡಿಯೇಟರ್ ಇಲ್ಲ. ಸಿಲಿಂಡರ್ ಸುತ್ತ ಎರಕದ ತೊಟ್ಟಿಯಿದ್ದು, ಅದರಲ್ಲಿನ ನೀರು ಕುದಿದು ಆವಿಯಾಗುತ್ತಾ ತಂಪು ಮಾಡುತ್ತದೆ. ಯಾರೋ ಒಂದು ಚಳಿಗಾಲ ನೀರು ಬಸಿಯದೆ ಬಿಟ್ಟಿದ್ದರೆ ಹಿಮಗಟ್ಟಿ ತೊಟ್ಟಿ ಸೀಳಿರುತ್ತದೆ. ಹೊಸ ಬಣ್ಣದ ಕೆಳಗೆ ಆ ಸೀಳನ್ನು ಮುಚ್ಚಿಟ್ಟಿರುವುದೂ ಉಂಟು. ಉಗುರು ಆಡಿಸಿ ನೋಡಿ. ಆಮೇಲೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ನೋಡಿ.

ಬೆಳಿಗ್ಗೆ ಚಾಲೂ ಮಾಡುವ ಕ್ರಮ ಹೀಗೆ. ತೊಟ್ಟಿಗೆ ನೀರು, ಟ್ಯಾಂಕಿಗೆ ಪೆಟ್ರೋಲ್. ಗ್ರೀಸ್ ಕಪ್ಪುಗಳನ್ನು ಒಂದೊಂದು ಸುತ್ತು ತಿರುಗಿಸಬೇಕು. ಮೇಲಿನ ಗಾಜಿನ ಎಣ್ಣೆ ಬಟ್ಟಲಿನಿಂದ ಸಿಲಿಂಡರಿಗೆ ತೊಟ್ಟು ತೊಟ್ಟಾಗಿ ಎಣ್ಣೆ ಇಳಿಯುವುದನ್ನು ಕಣ್ಣಾರೆ ಕಾಣಬೇಕು. ಅದು ಕಾಣದೆ ಫ್ಲೈವೀಲ್ (ಪಕ್ಕದ ಭಾರದ ಚಕ್ರ) ಮುಟ್ಟುವುದಿಲ್ಲ. ಅಂಗಿ ಒಳಗೆ ಸೇರಿಸಿ, ಚೋಕ್ ಹಾಕಿ, ಚಕ್ರ ಎಳೆದರೆ ಸಾಮಾನ್ಯವಾಗಿ ಹಿಡಿಯುತ್ತದೆ.

ಹಿಡಿದ ಮೇಲೆ ಹೊಸಬರಿಗೆ ಎಂಜಿನ್ ಕೆಟ್ಟಿದೆ ಅನ್ನಿಸುತ್ತದೆ. ಒಮ್ಮೆ ಢಬ್ ಎಂದು ಹೊಡೆದು, ಆಮೇಲೆ ಬರೀ ಉಸಿರಾಡಿಕೊಂಡು ಸುಮಾರು ಸುತ್ತು ತಿರುಗಿ, ಮತ್ತೆ ಢಬ್. ಇದೇ 'ಹಿಟ್ ಅಂಡ್ ಮಿಸ್'. ವೇಗ ಹೆಚ್ಚಿದಾಗ ಫ್ಲೈವೀಲಿನ ತೂಕಗಳು ಹೊರಕ್ಕೆ ಸರಿದು ಒಂದು ಕೊಕ್ಕೆಯನ್ನು ದೂಡುತ್ತವೆ. ಕೊಕ್ಕೆ, ಹೊಗೆ ಹೊರಹೋಗುವ ಎಕ್ಸಾಸ್ಟ್ ವಾಲ್ವ್ ಮುಚ್ಚದಂತೆ ತಡೆಹಿಡಿಯುತ್ತದೆ. ಪೆಟ್ರೋಲ್ ಒಳಬರುವ ವಾಲ್ವ್ ತೆರೆಯುವುದು ಪಿಸ್ಟನ್ನಿನ ಹೀರುವಿಕೆಯಿಂದ ಮಾತ್ರ. ಎಕ್ಸಾಸ್ಟ್ ತೆರೆದೇ ಇದ್ದರೆ ಹೀರುವಿಕೆಯಿಲ್ಲ, ಪೆಟ್ರೋಲೂ ಬರುವುದಿಲ್ಲ. ವೇಗ ಇಳಿದಾಗ ಕೊಕ್ಕೆ ಬಿಡುತ್ತದೆ, ಮತ್ತೊಂದು ಏಟು. ಒಂದು ಕೊಕ್ಕೆಯಿಂದ ಇಂಧನ ಉಳಿಸುವ ಈ ಉಪಾಯ ನನಗೆ ಇಂದಿನ ಎಷ್ಟೋ ಸಾಫ್ಟ್‌ವೇರಿಗಿಂತ ಅಚ್ಚುಕಟ್ಟು ಅನ್ನಿಸುತ್ತದೆ.

ಆದರೆ ಸುಮ್ಮನೆ ಓಡುವ ಎಂಜಿನ್ ಅರ್ಧ ಕಥೆ ಅಷ್ಟೇ. ನಾನು ಚಪ್ಪಟೆ ಬೆಲ್ಟ್ ಹಾಕಿ ಮೆಕ್ಕೆಜೋಳ ಬಿಡಿಸುವ ಯಂತ್ರಕ್ಕೆ ಜೋಡಿಸುತ್ತೇನೆ. ಮಕ್ಕಳ ಕೈಗೆ ತೆನೆ ಕೊಡುತ್ತೇನೆ (ಕೈ ಒಳಗೆ ಹೋಗದಂತೆ ಮರದ ಉದ್ದ ಬಾಯಿ ಮಾಡಿಸಿದ್ದೇನೆ). ಒಂದು ತೆನೆ ಹಾಕಿದರೆ ಏಟುಗಳ ನಡುವಿನ ಬಿಡುವು ಕಡಿಮೆಯಾಗುತ್ತದೆ, ಒಟ್ಟಿಗೆ ನಾಲ್ಕು ತುರುಕಿದರೆ ಬಿಡುವೇ ಇಲ್ಲದೆ ಢಬ್ ಢಬ್ ಢಬ್. ಕೆಲಸ ಹೆಚ್ಚಿದಂತೆ ಏಟೂ ಹೆಚ್ಚುತ್ತದೆ ಎಂದು ಆಗ ಮಗುವಿಗೆ ತಾನಾಗಿಯೇ ತಿಳಿಯುತ್ತದೆ, ನಾನು ಬಾಯಿ ಬಿಡಬೇಕಿಲ್ಲ. ಸುತ್ತಲಿನ ಆಮಿಷ್ ಎಂಬ ಕ್ರೈಸ್ತ ಪಂಗಡದ ರೈತರು ಬಂದರೆ ಅವರ ಕಣ್ಣು ಮೊದಲು ಬೆಲ್ಟಿನ ಮೇಲೆ. ಕರೆಂಟಿನ ತಂತಿ ಎಳೆಸಿಕೊಳ್ಳದೆ ಡೀಸೆಲ್ ಎಂಜಿನ್ನಿಂದ ಗಾಳಿ ಒತ್ತಿ ಕಾರ್ಖಾನೆ ನಡೆಸುವವರು ಅವರು. ಅವರಿಗೆ ಇದು ಮ್ಯೂಸಿಯಂ ವಸ್ತುವಲ್ಲ.

ಮಧ್ಯಾಹ್ನ ಉಗಿ ಟ್ರ್ಯಾಕ್ಟರ್ ಕಡೆಗೆ ಹೋಗಿ. ತಣ್ಣಗಿದ್ದ ಬಾಯ್ಲರ್ ಒತ್ತಡಕ್ಕೆ ಬರಲು ಎರಡು ಮೂರು ಗಂಟೆ ಬೇಕು, ಹಾಗಾಗಿ ಓಡಿಸುವವರು ನಸುಕಿಗೇ ಬೆಂಕಿ ಹಾಕಿರುತ್ತಾರೆ. ಒಕ್ಕುವ ಯಂತ್ರವನ್ನು ಅಷ್ಟು ದೂರ ನಿಲ್ಲಿಸಿ ನೂರು ಅಡಿ ಮೀರಿದ ಬೆಲ್ಟ್ ಹಾಕುವುದು ಏಕೆಂದರೆ, ಟ್ರ್ಯಾಕ್ಟರಿನ ಹೊಗೆ ಕೊಳವೆಯ ಕಿಡಿ ಹುಲ್ಲಿಗೆ ಬೀಳಬಾರದು. ಬೆಲ್ಟನ್ನು ಎಂಟರ ಆಕಾರಕ್ಕೆ ತಿರುಚಿದ್ದರೆ ಗಾಳಿಗೆ ಅದು ಕಡಿಮೆ ಬಡಿಯುತ್ತದೆ. ಗೋಧಿ ಸಿವುಡು ಒಳಗೆ ಬಿದ್ದ ಕ್ಷಣ ಅತ್ತ ಉಗಿಯ ಸದ್ದು ದಪ್ಪಗಾಗುತ್ತದೆ, ಕೇಳಿ.

ಹತ್ತಿರ ನಿಲ್ಲುವ ಮೊದಲು ನಾನು ನೀರಿನ ಮಟ್ಟ ತೋರಿಸುವ ಗಾಜು ನೋಡುತ್ತೇನೆ. 2001ರ ಜುಲೈನಲ್ಲಿ ಓಹಿಯೋದ ಮೆಡೈನಾ ಮೇಳದ ಮೈದಾನದಲ್ಲಿ ಇಂಥ ಒಂದು ಬಾಯ್ಲರ್ ಸಿಡಿದು ಐದು ಜನ ಸತ್ತರು. ಒಳಗೆ ನೀರು ತಗ್ಗಿ, ಬೆಂಕಿಗೂಡಿನ ಸವೆದಿದ್ದ ಮೇಲ್ತಗಡು ಕಾದು ಕುಸಿದಿತ್ತು. ಆಮೇಲೆ ಓಹಿಯೋ ಹಳೆಯ ಬಾಯ್ಲರ್‌ಗಳ ತಪಾಸಣೆಗೂ ಓಡಿಸುವವರ ಪರವಾನಗಿಗೂ ಕಾನೂನು ತಂದಿತು. ಗಾಜಿನಲ್ಲಿ ನೀರು ಎಲ್ಲಿದೆ ಎಂದು ಕೇಳಿದರೆ ಬೇಸರ ಮಾಡಿಕೊಳ್ಳುವವನ ಎಂಜಿನ್ನಿನಿಂದ ದೂರವಿರಿ.

ಕಾರುಗಳ ಬಗ್ಗೆ ಚಿಕ್ಕದಾಗಿ. ಆಗಸ್ಟ್ ಮೊದಲ ವಾರಾಂತ್ಯ ಪೆನ್ಸಿಲ್ವೇನಿಯಾದ್ದೇ ಆದ ಮಕಂಜಿ ಊರಿನಲ್ಲಿ ಒಳ್ಳೆಯ ಹಳೆ ಕಾರು ಮೇಳ ನಡೆಯುತ್ತದೆ, ಹೋಗಿ. ಆದರೆ ಹೊಳೆಯುವ ಬಾನೆಟ್‌ಗಳ ಸಾಲು ನನಗೆ ಬೇಗ ಸಾಕಾಗುತ್ತದೆ. ಫೋರ್ಡ್ ಮಾಡೆಲ್ ಟಿ ಇದ್ದರೆ ಮಾಲೀಕರನ್ನು ಚಾಲೂ ಮಾಡಿ ತೋರಿಸಲು ಕೇಳಿ. ಸ್ಟೀರಿಂಗ್‌ನ ಎಡಗಡೆಯ ಸನ್ನೆಕೋಲಿನಿಂದ ಕಿಡಿಯನ್ನು ತಡಮಾಡಿಟ್ಟು, ಹೆಬ್ಬೆರಳನ್ನು ಹಿಡಿಗೆ ಸುತ್ತದೆ ಕ್ರ್ಯಾಂಕ್ ತಿರುಗಿಸುತ್ತಾರೆ. ಇಲ್ಲವಾದರೆ ಅದು ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯುತ್ತದೆ. ಮೂರು ಪೆಡಲ್‌ಗಳಲ್ಲಿ ಬ್ರೇಕ್ ಬಲಗಡೆಯದು, ನಡುವಿನದು ರಿವರ್ಸ್. ಟ್ಯಾಂಕಿನಿಂದ ಪೆಟ್ರೋಲ್ ಎತ್ತುವ ಪಂಪ್ ಇಲ್ಲದೆ ಅದು ತಾನಾಗಿ ಎಂಜಿನ್ನಿಗೆ ಇಳಿಯಬೇಕಿದ್ದರಿಂದ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತುತ್ತಿದ್ದ ಕಾರು ಅದು.

ಶನಿವಾರ ಸಂಜೆ ಬಿಚ್ಚುವಾಗ ಪೆಟ್ರೋಲ್ ಮುಚ್ಚಿ, ಒಳಗಿದ್ದದ್ದು ಉರಿದು ತಾನಾಗಿ ನಿಲ್ಲಲು ಬಿಡುತ್ತೇನೆ. ಟ್ಯಾಂಕಿನಲ್ಲೂ ಉಳಿಸುವುದಿಲ್ಲ, ಎಥನಾಲ್ ಬೆರೆತ ಪೆಟ್ರೋಲ್ ತಿಂಗಳುಗಟ್ಟಲೆ ಕೂತರೆ ಕಾರ್ಬುರೇಟರ್ ಹಾಳಾಗುತ್ತದೆ. ತಣ್ಣಗಾದ ಮೇಲೆ ತೊಟ್ಟಿಯ ತಳದ ನಲ್ಲಿ ಬಿಟ್ಟು ನೀರು ಬಸಿದು, ಕಸ ಕಟ್ಟಿದ್ದರೆ ತಂತಿ ಚುಚ್ಚಿ ಬಿಡಿಸುತ್ತೇನೆ. ಬೆಲ್ಟನ್ನು ಮಡಚದೆ ಸುರುಳಿ ಸುತ್ತಿಡಬೇಕು. ಬಿಡಿಸಿದ ಜೋಳ ಪಕ್ಕದ ಗುಡಾರದವರ ಕೋಳಿಗಳಿಗೆ.